ಹಾಲಿನ ಪಾತ್ರೆ ಮತ್ತು ದೊಡ್ಡಪ್ಪನ ಗಾಂಧಾರ

ನಮ್ಮ ಮನೆಯ ಬೀರುವಿನ ಮೇಲಿನ ಖಾನೆಯಲ್ಲಿ ಮೂವತ್ತೊಂದು ಕ್ಯಾಸೆಟ್‌ಗಳಿವೆ. ಪ್ರತಿಯೊಂದರ ಬೆನ್ನ ಮೇಲೂ ನೀಲಿ ಶಾಯಿಯಲ್ಲಿ ‘ರಾಮನವಮಿ’ ಎಂದೂ ಅದರ ಪಕ್ಕದಲ್ಲಿ ಇಸವಿಯನ್ನೂ ಬರೆದಿದ್ದೇನೆ. ನನ್ನ ಮಡದಿ ಧೂಳು ಹೊಡೆಯುವಾಗಲೆಲ್ಲ, “ಹಾಡೋಕೂ ಬರಲಿಲ್ಲ, ಬಾರಿಸೋಕೂ ಬರಲಿಲ್ಲ. ವೈರು ಹಿಡ್ಕೊಂಡು ಓಡಾಡೋದು ಮಾತ್ರ ಚೆನ್ನಾಗಿ ಬಂತು ನಿಮಗೆ” ಎನ್ನುತ್ತಾಳೆ. ಮಾತು ನಿಜವೇ. ಹೊಟ್ಟೆಪಾಡಿಗೆ ಬ್ಯಾಂಕಿನಲ್ಲಿ ಲೆಡ್ಜರ್ ಬರೆದೆ. ಚೈತ್ರದಲ್ಲಿ ಮಾತ್ರ ನಾನು ನಮ್ಮ ಬೀದಿಯ ರಾಮಮಂದಿರದ ಧ್ವನಿಮುದ್ರಣ ಇಲಾಖೆ. ಇಲಾಖೆಯಲ್ಲಿ ಇರುವವನು ನಾನೊಬ್ಬನೇ.

ನಮ್ಮದು ಮೈಸೂರಿನ ಹಳೆಯ ಬಡಾವಣೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದಿರುವ ರಾಮನವಮಿ ಸಂಗೀತೋತ್ಸವದ ಹೆಸರನ್ನು ಅಜ್ಜ ಅಜ್ಜಿಯರೆಲ್ಲ ಕೇಳಿರುತ್ತೀರಿ. ನಮ್ಮ ಮಂದಿರದ ಉತ್ಸವವನ್ನು ಅದರ ಪಕ್ಕದಲ್ಲಿಟ್ಟರೆ ಕಾಣಿಸುವುದೂ ಇಲ್ಲ. ನೂರೈವತ್ತು ಜನ ಒತ್ತಿಕೊಂಡು ಕೂರಬಹುದಾದ ಹಜಾರ, ಒಂದಡಿ ಎತ್ತರದ ಜಗಲಿ, ಎರಡು ಮೈಕು, ಕೊನೆಯಲ್ಲಿ ಪಾನಕ ಕೋಸಂಬರಿ. ಆ ಜಗಲಿಯ ಮೇಲೆ ವರ್ಷಕ್ಕೊಮ್ಮೆ ನನ್ನ ದೊಡ್ಡಪ್ಪ ಹಾಡುತ್ತಿದ್ದರು. ಅವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಸಂಗೀತದಿಂದ ಒಂದು ರೂಪಾಯಿ ಸಂಪಾದಿಸಿದವರಲ್ಲ. ಹಿಂದೆ ದೊಡ್ಡಮ್ಮ ತಂಬೂರಿ ಹಿಡಿದು ಕೂರುತ್ತಿದ್ದರು.

ಈಗ ನಾನು ಹೇಳಹೊರಟಿರುವುದು ಒಂದು ಸಣ್ಣ ಗುಂಡಿಯ ಕಥೆ. ಚೊಕ್ಕದಾಗಿ ಉಗುರಿನಷ್ಟಿರುತ್ತದೆ, ತಿರುಗಿಸಬಹುದು. ಅದರ ಕೆಳಗೆ ‘ಲೆವೆಲ್’ ಎಂದು ಬರೆದಿರುತ್ತದೆ. ಮೈಕಿನಿಂದ ಬರುವ ಸದ್ದನ್ನು ಎಷ್ಟರಮಟ್ಟಿಗೆ ಒಳಗೆ ಬಿಟ್ಟುಕೊಳ್ಳಬೇಕು ಎಂದು ಯಂತ್ರಕ್ಕೆ ಹೇಳುವ ಗುಂಡಿ ಅದು.

1985ರಲ್ಲಿ ನಾನು ತಂದ ಮೊದಲ ಟೇಪ್ ರೆಕಾರ್ಡರಿನಲ್ಲಿ ಈ ಗುಂಡಿ ಇರಲೇ ಇಲ್ಲ! ಲೆವೆಲ್ಲನ್ನು ಯಂತ್ರವೇ ನೋಡಿಕೊಳ್ಳುತ್ತದೆ ಎಂದು ಅಂಗಡಿಯವರು ಹೆಮ್ಮೆಯಿಂದ ಹೇಳಿದ್ದರು. ನೋಡಿಕೊಂಡಿತು, ಹೇಗೆ ಗೊತ್ತೇ? ದೊಡ್ಡಪ್ಪ ಮಂದ್ರಸ್ಥಾಯಿಯಲ್ಲಿ ಮೆಲ್ಲಗೆ ಆಲಾಪನೆ ಶುರುಮಾಡಿದರೆ, ಸದ್ದು ಸಾಲದು ಎಂದುಕೊಂಡು ಯಂತ್ರ ತಾನೇ ಏರಿಸಿಕೊಂಡಿತು. ಆಗ ಫ್ಯಾನಿನ ಗರಗರ, ಮೂಲೆಯಲ್ಲಿ ಅಳುತ್ತಿದ್ದ ಕೂಸು, ಹೊರಗೆ ಹೋದ ಲೂನಾ ಎಲ್ಲವೂ ಜೊತೆಯಲ್ಲಿ ಏರಿ ಬಂದವು. ಮೃದಂಗಕ್ಕೆ ಒಂದು ಏಟು ಬಿದ್ದ ಕೂಡಲೇ ಬೆಚ್ಚಿ ಎಲ್ಲವನ್ನೂ ತಗ್ಗಿಸಿತು, ದೊಡ್ಡಪ್ಪನ ದನಿಯನ್ನೂ ಸೇರಿಸಿ. ಕ್ಯಾಸೆಟ್ ಕೇಳಿದ ದೊಡ್ಡಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ನಾನು ಮೆಲ್ಲಗೆ ಹಾಡಿದ್ದೆಲ್ಲ ಎಲ್ಲಿ ಹೋಯ್ತೋ?” ಎಂದು ಕೇಳಿದರು.

ಮಕ್ಕಳೇ, ಈ ಪ್ರಶ್ನೆ ಸಣ್ಣದಲ್ಲ. ಸಂಗೀತದಲ್ಲಿ ಮೆಲ್ಲಗೆ ಇರುವುದು ಮೆಲ್ಲಗೇ ಇರಬೇಕು, ಜೋರಾಗಿದ್ದದ್ದು ಜೋರಾಗೇ ಇರಬೇಕು. ಎರಡರ ನಡುವಿನ ಅಂತರವನ್ನು ಒರೆಸಿಹಾಕಿದರೆ ಉಳಿಯುವುದು ಇಸ್ತ್ರಿ ಹೊಡೆದ ಹಾಡು. ಹಾಗಾಗಿ ಕಛೇರಿಯ ಮಧ್ಯೆ ಗುಂಡಿಯನ್ನು ತಿರುವುತ್ತ ಕೂರುವವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಗಾಯಕ ಅರ್ಧ ಗಂಟೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಕೊಂಡು ಹೋಗುತ್ತಾನೆ, ಇವರು ಕೆಳಗಿನಿಂದ ಒಂದೊಂದೇ ಮೆಟ್ಟಿಲು ಕೀಳುತ್ತ ಬರುತ್ತಾರೆ. ಲೆವೆಲ್ ಇಡುವುದು ಒಮ್ಮೆ, ಶುರುವಿನಲ್ಲಿ. ಆಮೇಲೆ ಕೈ ಕಟ್ಟಿ ಕೂರಬೇಕು. ಇದನ್ನು ಹೇಳುವುದು ಸುಲಭ. ಶುರುವಿನಲ್ಲೇ ಇಡಬೇಕಾದರೆ ಮುಂದೆ ಎಷ್ಟು ಜೋರು ಬರುತ್ತದೆ ಎಂದು ಗೊತ್ತಿರಬೇಕಲ್ಲ?

ಹಿಂದಿನವರ ಪಾಡು ಇನ್ನೂ ಕಷ್ಟ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರು ಗ್ರಾಮಾಫೋನ್ ಕಂಪನಿಗೆ ಹಾಡಿಕೊಟ್ಟಾಗ ಮೈಕೂ ಇರಲಿಲ್ಲ, ಗುಂಡಿಯೂ ಇರಲಿಲ್ಲ. ದೊಡ್ಡ ತುತ್ತೂರಿಯಂಥ ಕೊಳವೆಯೊಳಕ್ಕೆ ಹಾಡಬೇಕು, ಆ ದನಿಯ ಬಲದಿಂದಲೇ ಸೂಜಿ ನಡುಗಿ ಮೇಣದ ಮೇಲೆ ಗೀರು ಕೊರೆಯಬೇಕು. ಆ ಕಾಲದ ಗಾಯಕರು ಮೆಲ್ಲನೆಯ ಸ್ವರ ಬಂದರೆ ಕೊಳವೆಯ ಹತ್ತಿರ ಹೋಗುತ್ತಿದ್ದರು, ಜೋರಿನ ಸ್ವರ ಬಂದರೆ ಹಿಂದಕ್ಕೆ ಸರಿಯುತ್ತಿದ್ದರು. ಕತ್ತೇ ಅವರ ಲೆವೆಲ್ ಗುಂಡಿ! ಆ ಗೌಹರ್ ಜಾನ್ ಕೊನೆಗಾಲದಲ್ಲಿ ಮಹಾರಾಜರ ಆಶ್ರಯದಲ್ಲಿ ನಮ್ಮ ಮೈಸೂರಿಗೇ ಬಂದಿದ್ದರು. 1930ರಲ್ಲಿ ಇಲ್ಲೇ ತೀರಿಕೊಂಡರು. ಹತ್ತಿರ–ದೂರದ ಈ ಲೆಕ್ಕ ಮೈಕಿಗೂ ಉಂಟು. ಬಾಯಿಗೂ ಮೈಕಿಗೂ ನಡುವಿನ ದೂರ ಅರ್ಧವಾದರೆ ಮೈಕಿಗೆ ಬೀಳುವ ಸದ್ದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆರೇಳು ವರ್ಷ ದುಡ್ಡು ಕೂಡಿಟ್ಟು, ಗುಂಡಿ ಇದ್ದ ಒಳ್ಳೆಯ ಕ್ಯಾಸೆಟ್ ಡೆಕ್ ಕೊಂಡೆ. ಅದರಲ್ಲಿ ಎರಡು ಮುಳ್ಳಿನ ಮೀಟರುಗಳಿದ್ದವು. ಕತ್ತಲಲ್ಲಿ ಹಳದಿ ದೀಪ ಹೊತ್ತಿ ಮುಳ್ಳುಗಳು ತಾಳ ಹಾಕಿದಂತೆ ಕುಣಿಯುವುದನ್ನು ನೋಡಲಿಕ್ಕೇ ಹುಡುಗರು ನನ್ನ ಸುತ್ತ ಕೂರುತ್ತಿದ್ದರು. ಕ್ಯಾಸೆಟ್ಟಿಗೆ ಒಂದು ಹುಟ್ಟುಗುಣವಿದೆ. ಏನೂ ರೆಕಾರ್ಡ್ ಮಾಡದಿದ್ದರೂ ಅದು ತನ್ನಷ್ಟಕ್ಕೆ ‘ಸುಯ್ಯ್’ ಎನ್ನುತ್ತಿರುತ್ತದೆ. ಲೆವೆಲ್ ತೀರಾ ಕಡಿಮೆ ಇಟ್ಟರೆ ತಂಬೂರಿಯ ನಾದ ಆ ಸುಯ್ಯಿನೊಳಗೆ ಮುಳುಗಿಹೋಗುತ್ತದೆ. ಆದ್ದರಿಂದ ಟೇಪಿನವರ ಪಾಠವೇ ಹೀಗೆ: ಧೈರ್ಯವಾಗಿ ಏರಿಸು, ಮುಳ್ಳು ಕೆಂಪು ಗೆರೆಯನ್ನು ಆಗಾಗ ಮುಟ್ಟಿ ಬರಲಿ. ಸ್ವಲ್ಪ ಹೆಚ್ಚಾದರೂ ಟೇಪು ಕ್ಷಮಿಸುತ್ತದೆ. ಸದ್ದಿನ ತುದಿಗಳನ್ನು ಮೆಲ್ಲಗೆ ಒತ್ತಿ ದುಂಡಗೆ ಮಾಡುತ್ತದೆ, ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮುಳ್ಳೂ ಅಷ್ಟೇನೂ ಚುರುಕಲ್ಲ. ಮೃದಂಗದ ಏಟು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಬಂದು ಹೋಗಿರುತ್ತದೆ, ಮುಳ್ಳು ಆಗಿನ್ನೂ ಎದ್ದು ಹೊರಟಿರುತ್ತದೆ. ಟೇಪು ಕ್ಷಮಿಸುತ್ತಿದ್ದುದರಿಂದ ನನ್ನ ಮತ್ತು ಮುಳ್ಳಿನ ಮಂದಗತಿ ಹದಿನೇಳು ಹದಿನೆಂಟು ವರ್ಷ ಬಯಲಾಗಲಿಲ್ಲ.

(ಒಂದು ವರ್ಷ ಮಾತ್ರ ಬಯಲಾಯಿತು. ಮೈಕಿನವನ ಪೆಟ್ಟಿಗೆಯಿಂದ ನೇರ ವೈರು ಎಳೆದುಕೊಂಡಿದ್ದೆ. ಅವನ ಪೆಟ್ಟಿಗೆಯಲ್ಲೇ ಸದ್ದು ಒಡೆದುಹೋಗಿತ್ತು. ನಾನು ನನ್ನ ಗುಂಡಿಯನ್ನು ಎಷ್ಟು ತಗ್ಗಿಸಿದರೂ ಬಂದದ್ದು ಒಡೆದ ಸದ್ದೇ, ಮೆಲ್ಲಗೆ ಬಂತು ಅಷ್ಟೆ. ಕೆರೆಯ ನೀರೇ ಬಗ್ಗಡವಾದ ಮೇಲೆ ಮನೆಯ ನಲ್ಲಿ ತಿರುಗಿಸಿ ಏನು ಪ್ರಯೋಜನ!)

2010ರಲ್ಲಿ ನನ್ನ ಮಗ ಅಂಗೈಯಲ್ಲಿ ಹಿಡಿಯುವ ಡಿಜಿಟಲ್ ರೆಕಾರ್ಡರ್ ತಂದುಕೊಟ್ಟ. ಮುಳ್ಳಿಲ್ಲ, ಪುಟ್ಟ ಪರದೆಯ ಮೇಲೆ ಪಟ್ಟಿಗಳು ಏರಿಳಿಯುತ್ತವೆ. ಮೇಲ್ತುದಿಯಲ್ಲಿ ಸೊನ್ನೆ. ಅದರ ಕೆಳಗೆ ಮೈನಸ್ 6, ಮೈನಸ್ 12, ಮೈನಸ್ 20 ಹೀಗೆ. ಸೊನ್ನೆಗಿಂತ ಮೇಲೆ ಏನೂ ಇಲ್ಲ. ನಾನು ಟೇಪಿನ ಹಳೆಯ ಮನುಷ್ಯ. ವರ್ಣ ಶುರುವಾದಾಗ ಪಟ್ಟಿ ಸೊನ್ನೆಯ ಹತ್ತಿರ, ಮೈನಸ್ 3ರವರೆಗೆ ಮುಟ್ಟುವಂತೆ ಗುಂಡಿ ತಿರುಗಿಸಿ, ‘ಭೇಷ್, ತುಂಬಿಕೊಂಡು ಬರ್ತಿದೆ’ ಎಂದು ಸಂತೋಷಪಟ್ಟೆ. ಮೂರು ಡೆಸಿಬೆಲ್ ಜಾಗ ಬಿಟ್ಟಿದ್ದೇನಲ್ಲ! ಮೈಕಿನ ಕಂಬಕ್ಕೆ ನನ್ನದೊಂದು ಸಣ್ಣ ಮೈಕನ್ನೂ ಕಟ್ಟಿ, ವೈರು ಎಳೆದುಕೊಂಡು, ಹಜಾರದ ಕಲ್ಲುಕಂಬದ ಹಿಂದೆ ಕೂತೆ. ಅಲ್ಲಿಂದ ಜಗಲಿ ಕಾಣುವುದಿಲ್ಲ, ಕಿವಿಗೆ ಮಾತ್ರ ಕೇಳುತ್ತದೆ.

ದೊಡ್ಡಪ್ಪನಿಗೆ ಆಗ ಎಂಬತ್ತೊಂದು. ವರ್ಣ ಮುಗಿಯುವಷ್ಟರಲ್ಲೇ ದನಿ ಬಳಲಿತ್ತು. ಎರಡು ಕೃತಿ ಹೇಗೋ ದಾಟಿದರು. ಆಮೇಲೆ ಕಲ್ಯಾಣಿ ಎತ್ತಿಕೊಂಡರು. ನಾಲ್ಕೈದು ವರ್ಷಗಳಿಂದ ಅವರು ತಾರಸ್ಥಾಯಿಯ ಷಡ್ಜ ಮುಟ್ಟಿ ಇಳಿದುಬಿಡುತ್ತಿದ್ದರು, ಮೇಲಕ್ಕೆ ಹೋಗುತ್ತಿರಲಿಲ್ಲ. ಆ ದಿನ ಷಡ್ಜದ ಮೇಲೆ ನಿಂತರು. ರಿಷಭ ತೋರಿಸಿದರು. ಹಜಾರದಲ್ಲಿ ಯಾರೋ ಬೀಸಣಿಗೆ ನಿಲ್ಲಿಸಿದ್ದು ನನಗೆ ಕೇಳಿಸಿತು. ಮೆಲ್ಲಗೆ ಗಾಂಧಾರಕ್ಕೆ ಹೋಗಿ ನಿಂತೇ ನಿಂತರು. “ಆಹಾ” ಎಂದು ಯಾರೋ ಅಂದರು, ಅದು ನಾನೇ ಇರಬೇಕು. ಕಣ್ಣು ತೆರೆದರೆ ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿತ್ತು. ಗುಂಡಿಗೆ ಕೈ ಹಾಕುವಷ್ಟರಲ್ಲಿ ದೊಡ್ಡಪ್ಪ ಕೆಳಗಿಳಿದಿದ್ದರು.

ಅದೇ ಅವರ ಕಡೆಯ ಕಛೇರಿ. ಆಷಾಢದಲ್ಲಿ ತೀರಿಕೊಂಡರು.

ವೈಕುಂಠ ಸಮಾರಾಧನೆ ಕಳೆದ ಮೇಲೆ ದೊಡ್ಡಮ್ಮನ ಮುಂದೆ ಅದನ್ನು ಹಾಕಿದೆ. ಗಾಂಧಾರದ ಜಾಗದಲ್ಲಿ ‘ಟರ್‌ರ್’ ಎಂದು ಒಣ ಬಟ್ಟೆ ಹರಿದ ಹಾಗೆ ಕೇಳಿಸಿತು. ದೊಡ್ಡಮ್ಮ ಏನೂ ಅನ್ನಲಿಲ್ಲ. “ಮಳೆ ಏನಾದ್ರೂ ಬಂದಿತ್ತೇನೋ ಅವತ್ತು?” ಎಂದರು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಆಗಿದ್ದೇನು ಎಂದು ಆಮೇಲೆ ಓದಿ ತಿಳಿದುಕೊಂಡೆ. ಡಿಜಿಟಲ್ ಯಂತ್ರ ಸದ್ದನ್ನು ಅಂಕಿಗಳಾಗಿ ಬರೆದಿಡುತ್ತದೆ. ಸಿ.ಡಿ.ಯ ಲೆಕ್ಕದಲ್ಲಿ ಸೆಕೆಂಡಿಗೆ 44,100 ಸಲ ಅಳೆದು ಬರೆಯುತ್ತದೆ. ಪ್ರತಿ ಅಳತೆಗೂ ಸಿಗುವ ಅತಿ ದೊಡ್ಡ ಅಂಕಿ 32,767. ಗಾಯಕನ ದನಿ ನಲವತ್ತು ಸಾವಿರಕ್ಕೆ ಏರಿದರೂ ಅದು ಬರೆಯುವುದು 32,767. ಐವತ್ತು ಸಾವಿರಕ್ಕೂ ಅದೇ. ದನಿಯ ಅಲೆಯ ಶಿಖರ ಕತ್ತರಿಸಿ ಚಪ್ಪಟೆಯಾಗುತ್ತದೆ. ಶಾಲೆಯ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿನ ಉದ್ದದ ಹುಡುಗರ ತಲೆ ಕತ್ತರಿಸಿಹೋಗಿರುತ್ತದಲ್ಲ, ಥೇಟ್ ಹಾಗೆ. ಮಬ್ಬಾಗಿರುವ ಫೋಟೋವನ್ನು ಬೆಳಗಿಸಬಹುದು, ಇಲ್ಲದ ತಲೆಯನ್ನು ತರುವುದೆಲ್ಲಿಂದ? ನನ್ನ ಮಗ ಕಂಪ್ಯೂಟರಿನ ಒಂದು ತಂತ್ರಾಂಶದಲ್ಲಿ ಸರಿಪಡಿಸಲು ನೋಡಿದ. ಅದು ಅಕ್ಕಪಕ್ಕದ ಅಂಕಿ ನೋಡಿ, ನಡುವೆ ಏನಿದ್ದಿರಬಹುದು ಎಂದು ಊಹಿಸಿ ತುಂಬುತ್ತದೆ. ಹರಿದ ಸದ್ದು ಕೊಂಚ ತಗ್ಗಿತು. ಅಲ್ಲಿ ಕೇಳಿದ್ದು ದೊಡ್ಡಪ್ಪನಲ್ಲ. ಅಳಿಸಿಬಿಡು ಎಂದೆ. ಮೂಲದ್ದನ್ನು ಮಾತ್ರ ಇಟ್ಟುಕೊಂಡೆ.

ಒಂದು ಗಂಟು ಬಿಡಲೇ ಇಲ್ಲ. ವರ್ಣವನ್ನು ಅವರು ತಾಜಾ ದನಿಯಲ್ಲಿ ಗಟ್ಟಿಯಾಗಿಯೇ ಹಾಡಿದ್ದರು, ಆಗ ಪಟ್ಟಿ ಮೈನಸ್ 3 ದಾಟಿರಲಿಲ್ಲ. ಗಂಟೆ ಕಳೆದ ಮೇಲೆ, ಬಳಲಿದ ಎಂಬತ್ತೊಂದರ ಗಂಟಲಿನಿಂದ ಅಷ್ಟು ಜೋರು ಬಂದದ್ದಾದರೂ ಹೇಗೆ?

ಈ ವರ್ಷದ ರಾಮನವಮಿಗೆ ಬರುತ್ತೇನೆ. ಮೊಮ್ಮಗಳು ಪುಟ್ಟಿ ಎಂಟನೇ ಕ್ಲಾಸು. ನನ್ನ ಇಲಾಖೆಗೆ ತಾನೇ ಬಂದು ಸೇರಿಕೊಂಡಿದ್ದಾಳೆ. ಮೊದಲ ದಿನವೇ, “ಸೊನ್ನೆ ಯಾಕೆ ತಾತ ಮೇಲ್ಗಡೆ ಇದೆ? ನಮ್ಮ ಗಣಿತದಲ್ಲಿ ಮಧ್ಯದಲ್ಲಿರುತ್ತೆ” ಎಂದು ಶುರುಮಾಡಿದಳು. ನಾನು ವಿವರಿಸಹೋಗಿ ತೊದಲಿದೆ. ಒಲೆಯ ಮುಂದಿದ್ದ ನನ್ನ ಮಡದಿಯೇ, “ಇಲ್ಲಿ ಬಾರೇ. ಒಂದು ಲೀಟರ್ ಹಿಡಿಯೋ ಪಾತ್ರೇಲಿ ಒಂದು ಲೀಟರ್ ಹಾಲಿಟ್ಟು ಕಾಯಿಸ್ತೀಯಾ?” ಎಂದು ಕೇಳಿದಳು. “ಉಕ್ಕತ್ತೆ ಅಜ್ಜಿ.” “ಹಾಂ. ಅದಕ್ಕೇ ಜಾಗ ಬಿಡೋದು.” ಪುಟ್ಟಿಗೆ ಅಷ್ಟೇ ಸಾಕಾಯಿತು. ಸೊನ್ನೆ ಅಂದರೆ ಪಾತ್ರೆಯ ಕಂಠ. ಹಾಲು ಕಂಠದಿಂದ ಎಷ್ಟು ಕೆಳಗಿದೆ ಎಂಬುದೇ ಮೈನಸ್ಸಿನ ಲೆಕ್ಕ. ಮೈನಸ್ 6 ಅಂದರೆ ಹೆಚ್ಚುಕಡಿಮೆ ಅರ್ಧ ಪಾತ್ರೆ, ಮೈನಸ್ 12 ಅಂದರೆ ಕಾಲು ಪಾತ್ರೆ, ಮೈನಸ್ 20 ಅಂದರೆ ಹತ್ತರಲ್ಲೊಂದು ಪಾಲು. ನಾನು ಹದಿನೈದು ವರ್ಷದ ಹಿಂದೆ ಈ ಅಡುಗೆಮನೆಗೆ ಬಂದು ಕೇಳಬೇಕಿತ್ತು.

“ಅಷ್ಟು ಕಡಿಮೆ ಇಟ್ರೆ ಸುಯ್ಯ್ ಅನ್ನಲ್ವಾ?” ಎಂದಳು. ಅದು ಕ್ಯಾಸೆಟ್ಟಿನ ಭಯ. ಈಗಿನ ರೆಕಾರ್ಡರಿನಲ್ಲಿ 24 ಬಿಟ್ ಎಂಬ ಲೆಕ್ಕವಿದೆ. ಒಂದು ಅಳತೆಯನ್ನು ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಹೆಚ್ಚು ಮೆಟ್ಟಿಲುಗಳಲ್ಲಿ ಬರೆಯುತ್ತದೆ. ಕೆಳಗಿನ ಕಾಲುಭಾಗದಲ್ಲೇ ನಿಂತರೂ ನಲವತ್ತು ಲಕ್ಷ ಮೆಟ್ಟಿಲು ಉಂಟು. ನಮ್ಮ ಹಜಾರದ ಫ್ಯಾನಿನ ಸದ್ದೇ ಯಂತ್ರದ ಸುಯ್ಯಿಗಿಂತ ಎಷ್ಟೋ ಜೋರು. ಮನೆಗೆ ಬಂದ ಮೇಲೆ ನಿಧಾನವಾಗಿ ಏರಿಸಿಕೊಂಡರಾಯಿತು.

ಈ ಸಲ ಹಾಡಲು ಕೂತವರು ದೊಡ್ಡಮ್ಮ. ಎಂಬತ್ತಾರು ಅವರಿಗೆ. ಜೀವಮಾನವೆಲ್ಲ ತಂಬೂರಿ ಮೀಟಿದವರು ಜಗಲಿಯ ಮೇಲೆ ಬಾಯಿ ಬಿಟ್ಟವರಲ್ಲ. ಪುಟ್ಟಿ ಗಂಟುಬಿದ್ದು, ಎರಡು ದೇವರನಾಮಕ್ಕೆ ಒಪ್ಪಿಸಿದ್ದಳು. ಕಛೇರಿಗೆ ಮುಂಚೆ ಪರೀಕ್ಷೆಗೆಂದು ಹಾಡಿ ಎಂದರೆ ದೊಡ್ಡಮ್ಮ ಪಿಸುಗುಟ್ಟಿದ ಹಾಗೆ ಹಾಡಿದರು. ಇದೂ ಒಂದು ಅನುಭವದ ಮಾತು: ಪರೀಕ್ಷೆಯಲ್ಲಿ ಯಾರೂ ನಿಜವಾದ ದನಿಯಲ್ಲಿ ಹಾಡುವುದಿಲ್ಲ. ಜನ ಬಂದು ಕೂತ ಮೇಲೆ ಗಂಟಲು ಬೇರೆಯೇ ಆಗುತ್ತದೆ. ಹಾಗಾಗಿ ಮೃದಂಗದ ಹುಡುಗನಿಗೆ, “ತನಿ ಆವರ್ತನದ ಮುಕ್ತಾಯದಲ್ಲಿ ಬಾರಿಸ್ತೀಯಲ್ಲ, ಹಾಗೆ ನಾಲ್ಕು ಏಟು ಹಾಕಪ್ಪ” ಎಂದೆ. ಪುಟ್ಟಿ ಅವನ ಏಟು ಮೈನಸ್ 12ಕ್ಕೆ ನಿಲ್ಲುವಂತೆ ಇಟ್ಟಳು. ಆಮೇಲೆ ಏನೋ ಯೋಚಿಸಿ ಇನ್ನೂ ಸ್ವಲ್ಪ ತಗ್ಗಿಸಿದಳು.

ದೊಡ್ಡಮ್ಮ ಶುರುಮಾಡಿದಾಗ ಪಟ್ಟಿ ಮೈನಸ್ 30ರ ಹತ್ತಿರ ತೆವಳುತ್ತಿತ್ತು. ನನ್ನ ಕೈ ತುರಿಸಿತು. ಒಂದು ಚೂರು ಏರಿಸೋಣ ಎಂದು ಬೆರಳು ಚಾಚಿದೆ. ಪುಟ್ಟಿ ಕಿವಿಯಿಂದ ಹೆಡ್‌ಫೋನ್ ತೆಗೆಯದೆಯೇ ನನ್ನ ಕೈ ಹಿಡಿದುಕೊಂಡು, “ಇರಲಿ ತಾತ” ಎಂದಳು. ಎರಡು ದೇವರನಾಮ ಮುಗಿಯುವವರೆಗೂ ಹಿಡಿದೇ ಇದ್ದಳು.

ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅರ್ಚಕರು ಮಂಗಳಾರತಿ ಎತ್ತಿದರು. ಗಂಟೆ, ಜಾಗಟೆ, ಹಿಂದಿನಿಂದ ನೂರೈವತ್ತು ಜನರ ಚಪ್ಪಾಳೆ! ಪಟ್ಟಿ ಎಗರಿತು. ನಾನು ಕೆಂಪು ದೀಪವನ್ನೇ ನೋಡುತ್ತಿದ್ದೆ. ಮೈನಸ್ 4ರವರೆಗೆ ಹೋಗಿ ಇಳಿಯಿತು. ದೀಪ ಹೊತ್ತಲಿಲ್ಲ.

ರಾತ್ರಿ ಊಟ ಆದ ಮೇಲೆ ಪುಟ್ಟಿ ಕಂಪ್ಯೂಟರಿನಲ್ಲಿ ಸದ್ದು ಏರಿಸಿ ದೊಡ್ಡಮ್ಮನಿಗೆ ಕೇಳಿಸಿದಳು. ದನಿಯಲ್ಲಿನ ನಡುಕ, ಸಾಲಿನ ನಡುವೆ ಎಳೆದ ಉಸಿರು, ಬಳೆಯ ಸಣ್ಣ ಸದ್ದು ಎಲ್ಲ ಇದ್ದವು. ದೊಡ್ಡಮ್ಮ ನಾಚಿಕೊಂಡು, “ಸಾಕು ಬಿಡೇ, ಅವರದ್ದು ಹಾಕು” ಎಂದರು. ಯಾವುದು ಎಂದು ಕೇಳಬೇಕಾಗಿರಲಿಲ್ಲ. ನಾನು ಎದ್ದು ಹೊರಗೆ ಹೋಗೋಣವೆಂದುಕೊಂಡೆ, ಹೋಗಲಿಲ್ಲ.

ಕಲ್ಯಾಣಿ ಬಂತು. ಷಡ್ಜ, ರಿಷಭ. ಆಮೇಲೆ ಆ ಹರಿದ ಸದ್ದು.

“ಇಲ್ಲಿ ಮುಂದಕ್ಕೆ ಬಾಗಿದ್ರು ಕಣೋ” ಎಂದರು ದೊಡ್ಡಮ್ಮ.

“ಏನು?”

“ಶಕ್ತಿ ಸಾಲಲಿಲ್ಲ ಅವರಿಗೆ. ಮೈಕಿನ ಮೇಲೇ ಬಾಗಿಬಿಟ್ರು, ದನಿ ಎಲ್ಲರಿಗೂ ಕೇಳಿಸಲಿ ಅಂತ. ನಾನು ಹಿಂದೆ ಇದ್ದೆನಲ್ಲ, ಎಲ್ಲಿ ಮುಗ್ಗರಿಸ್ತಾರೋ ಅಂತ ಜೀವ ಬಾಯಿಗೆ ಬಂದಿತ್ತು. ಒಂದು ಗೇಣು ದೂರ ಇದ್ದ ಮೈಕು, ಅರ್ಧ ಗೇಣೂ ಇರಲಿಲ್ಲ ಆಗ.”

ಪುಟ್ಟಿ ಬೆರಳು ಮಡಿಸಿದಳು. “ದೂರ ಅರ್ಧ ಆದ್ರೆ ಸದ್ದು ಎರಡರಷ್ಟು. ಎರಡರಷ್ಟು ಅಂದ್ರೆ ಆರು ಡೆಸಿಬೆಲ್. ತಾತ, ನೀನು ಬಿಟ್ಟಿದ್ದು ಮೂರು.”

“ಹೌದು ಪುಟ್ಟಿ, ಮೂರು.”

ದೊಡ್ಡಮ್ಮನಿಗೆ ನಮ್ಮ ಲೆಕ್ಕ ಬೇಕಿರಲಿಲ್ಲ. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. “ಆ ಜಾಗ ಇನ್ನೊಂದ್ಸಲ ಹಾಕು” ಎಂದರು.